ನಾಣ್ಯಯಂತ್ರ ಮೀಮಾಂಸೆ

ಯಾವ ಶಾಸ್ತ್ರಕ್ಕಾದರೂ ಆರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ನಾಲ್ಕನ್ನು ನಿರೂಪಿಸತಕ್ಕುದೆಂದು ಪೂರ್ವಾಚಾರ್ಯರು ವಿಧಿಸಿರುವುದರಿಂದ, ಪ್ರಕೃತ ಪ್ರಬಂಧವೂ ಆ ಮರ್ಯಾದೆಯನ್ನು ಮೀರಲಾಗದು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ನೋಸ್‌ಬ್ಲೀಡ್ ಇಂಟರ್‌ಆಕ್ಟಿವ್ ಎಂಬ ಸಂಸ್ಥೆಯವರು ರಚಿಸಿ, 2022ರಲ್ಲಿ ಲೋಕಕ್ಕಿತ್ತ ‘ಆರ್ಕೇಡ್ ಪ್ಯಾರಡೈಸ್’ ಎಂಬ ವಿಡಿಯೋ ಗೇಮು ಇಲ್ಲಿ ವಿಷಯ. ದಿನವಿಡೀ ಕಚೇರಿಯಲ್ಲಿ ದುಡಿದು ಬಳಲಿ, ವಿಶ್ರಾಂತಿಗಾಗಿ ಮತ್ತೊಂದು ಉದ್ಯೋಗವನ್ನು ಹಣ ತೆತ್ತು ಕೊಳ್ಳುವ ಗೃಹಸ್ಥನೇ ಅಧಿಕಾರಿ. ಇವೆರಡರ ಸಂಬಂಧವು ರಾತ್ರಿ ಎರಡು ಗಂಟೆಯವರೆಗೂ ಬಿಡಿಸಲಾಗದುದು. ಪ್ರಯೋಜನವಾದರೋ ಮುಂದೆ ವಿಚಾರಣೀಯ.

ಇದರ ಪೂರ್ವಭಾಗವು ಕರ್ಮಕಾಂಡ. ಕಾಲ 1990ರ ದಶಕ. ‘ಕಿಂಗ್ ವಾಶ್’ ಎಂಬ ಕುಟುಂಬದ ಲಾಂಡ್ರಿಯ ಬೀಗದ ಕೈಯನ್ನು ತನ್ನ ಸಂತಾನವಾದ ಆಶ್ಲಿಗೆ ಒಪ್ಪಿಸಿದ ತಂದೆಯು, ತಾನು ರಿವಿಯೆರಾ ಕಡಲತೀರದ ಬಿಸಿಲಿನಲ್ಲಿ ಮೈಕಾಯಿಸುತ್ತ, ದುಡಿಮೆಯ ಮಹಿಮೆಯನ್ನು ಟೆಲಿಫೋನಿನ ಮೂಲಕ ಉಪದೇಶಿಸುತ್ತಾನೆ. ಆ ಉಪದೇಶವನ್ನು ಶಿರಸಾವಹಿಸಿದ ಸಾಧಕನು ಪರರ ಮಾಸಿದ ಬಟ್ಟೆಯನ್ನು ಒಂದು ಯಂತ್ರದಲ್ಲಿ ಒಗೆಸಿ, ಇನ್ನೊಂದರಲ್ಲಿ ಒಣಗಿಸಿ, ಕಾಲಾತಿಕ್ರಮವಾಗದಂತೆ ಒಪ್ಪಿಸಬೇಕು. ಅಲ್ಲಲ್ಲಿ ಅಂಟಿದ ಚೂಯಿಂಗ್ ಗಮ್ಮನ್ನು ಕೆರೆದು ಕೀಳಬೇಕು. ಕಟ್ಟಿಕೊಂಡ ಶೌಚಾಲಯವನ್ನು ಸರಿಪಡಿಸಬೇಕು. ಕಸದ ಚೀಲವನ್ನು ಗುರಿಯಿಟ್ಟು ತೊಟ್ಟಿಗೆ ಎಸೆಯಬೇಕು. ವಸ್ತ್ರಶುದ್ಧಿಯಿಲ್ಲದೆ ವಿತ್ತಸಿದ್ಧಿಯಿಲ್ಲ, ವಿತ್ತಸಿದ್ಧಿಯಿಲ್ಲದೆ ಹಿಂದಿನ ಕೋಣೆಗೆ ಹೊಸ ಯಂತ್ರವಿಲ್ಲ ಎಂಬುದು ಈ ಕಾಂಡದ ತಾತ್ಪರ್ಯ.

ಆ ಹಿಂದಿನ ಕೋಣೆಯೇ ಜ್ಞಾನಕಾಂಡ. ಅಲ್ಲಿ ಮಂದಪ್ರಕಾಶದಲ್ಲಿ ಮಿನುಗುವ ಕೆಲವೇ ಆಟದ ಯಂತ್ರಗಳ ಉದರದಿಂದ ನಾಣ್ಯಗಳನ್ನು ತೆಗೆದು ತಿಜೋರಿಗೆ ಸೇರಿಸಿ, ಕೂಡಿದ ಹಣದಿಂದ ಹೊಸ ಯಂತ್ರಗಳನ್ನು ತರಿಸುತ್ತ, ಕೋಣೆಯನ್ನು ಹಿಗ್ಗಿಸುತ್ತ ಹೋದಂತೆ, 35ಕ್ಕೂ ಮಿಕ್ಕ ಯಂತ್ರಗಳು, ಪ್ರತಿಯೊಂದೂ ಸ್ವತಃ ಆಡಲು ಬರುವಂಥವು, ಸಾಧಕನಿಗೆ ವಶವಾಗುತ್ತವೆ. ಆಟದ ದರ, ಆಟದ ಕಾಠಿನ್ಯ, ಯಂತ್ರದ ನೆಲೆ ಎಂಬೀ ಮೂರು ಆದಾಯಕ್ಕೆ ಕಾರಣಗಳು. ಇವುಗಳಲ್ಲಿ ಮೂರನೆಯದೇ ಸೂಕ್ಷ್ಮವಾದುದು. ಜನಪ್ರಿಯ ಯಂತ್ರದ ಮಗ್ಗುಲಲ್ಲಿ ನಿಲ್ಲಿಸಿದ ನಿಸ್ತೇಜ ಯಂತ್ರಕ್ಕೂ ಗಿರಾಕಿಗಳು ದೊರೆವರೆಂಬುದರಿಂದ, ಸತ್ಸಂಗದ ಮಹಿಮೆಯು ಜಡಪದಾರ್ಥಗಳಿಗೂ ಅನ್ವಯಿಸುವುದೆಂದು ತಿಳಿಯತಕ್ಕುದು.

ನಾಣ್ಯಗಳನ್ನು ಆಗಾಗ ತೆಗೆಯತಕ್ಕುದೆಂಬ ವಿಧಿಗೆ ಇತಿಹಾಸವೇ ಪ್ರಮಾಣ. 1972ರಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಒಂದು ಪಾನಗೃಹದಲ್ಲಿ ಅಟಾರಿ ಸಂಸ್ಥೆಯವರು ಪರೀಕ್ಷಾರ್ಥವಾಗಿ ನಿಲ್ಲಿಸಿದ್ದ ‘ಪಾಂಗ್’ ಯಂತ್ರವು ಕೆಲವೇ ದಿನಗಳಲ್ಲಿ ಸ್ತಬ್ಧವಾಗಲು, ಅದರ ನಿರ್ಮಾಪಕ ಆಲನ್ ಆಲ್ಕಾರ್ನನು ಬಂದು ತೆರೆದು ನೋಡಿದರೆ, ನಾಣ್ಯಗಳು ತುಂಬಿ ತುಳುಕಿ ಯಂತ್ರದ ಉಸಿರುಕಟ್ಟಿತ್ತು. ಅಜೀರ್ಣವು ಶ್ರೀಮಂತರಿಗೇ ಮೀಸಲಾದ ವ್ಯಾಧಿಯೆಂಬುದು ಇದರಿಂದ ಸಿದ್ಧ. ಹಾಗೆಯೇ, 1980ರ ‘ಪ್ಯಾಕ್-ಮ್ಯಾನ್’ನಲ್ಲಿ ಹಂತಗಳನ್ನೆಣಿಸುವ ಎಂಟು ಬಿಟ್ಟುಗಳ ಲೆಕ್ಕವು 256ನೆಯ ಹಂತದಲ್ಲಿ ಉಕ್ಕಿಹೋಗಿ, ಪರದೆಯ ಬಲಾರ್ಧವೆಲ್ಲವೂ ಅರ್ಥವಿಲ್ಲದ ಅಕ್ಷರಗಳಿಂದ ಕಲಸಿಹೋಗುವುದನ್ನು ಕಂಡವನಿಗೆ, ಅನಂತಕಾಲ ನುಂಗುತ್ತಲೇ ಇರಬಹುದೆಂಬ ಭ್ರಾಂತಿಯು ಉಳಿಯಲಾರದು.

ಇಲ್ಲಿ ಪೂರ್ವಪಕ್ಷಿಯು ಹೀಗೆ ಆಕ್ಷೇಪಿಸಬಹುದು: ಸ್ವಗೃಹದಲ್ಲಿ ಮೊನ್ನೆಯ ಬಟ್ಟೆ ಬಕೆಟ್ಟಿನಲ್ಲಿ ನೆನೆದು ನಾರುತ್ತಿರುವಾಗ, ಮಿಥ್ಯಾಗಿರಾಕಿಯ ಮಿಥ್ಯಾಷರಾಯಿಯನ್ನು ಒಗೆಯುವುದಕ್ಕೆ ಸತ್ಯವಾದ ಹಣವನ್ನು ತೆರುವುದು ಯಾವ ನ್ಯಾಯ? ಸಮಾಧಾನವನ್ನು ಹೇಳುತ್ತೇವೆ. ಮಿಥ್ಯಾವಸ್ತ್ರವನ್ನು ಒಪ್ಪಿಸಿದೊಡನೆ ಪರದೆಯ ಮೇಲೆ ಶ್ರೇಣಿಯನ್ನು ಸಾರುವ ಅಕ್ಷರವೊಂದು ಬೆಳಗುತ್ತದೆ. ಕಿತ್ತ ಗಮ್ಮಿಗೂ, ಎಸೆದ ಕಸಕ್ಕೂ ಪ್ರತಿಫಲವುಂಟು. ಸ್ವಗೃಹದಲ್ಲಾದರೋ, ವರ್ಷಾನುಗಟ್ಟಲೆ ಒಗೆದವನಿಗೂ ‘ಕಾಲರು ಹಾಗೆಯೇ ಇದೆಯಲ್ಲ’ ಎಂಬ ವಿಮರ್ಶೆಯ ಹೊರತು ಅಂಕವನ್ನಿತ್ತವರಾರು? ಆದುದರಿಂದ, ಎಣಿಕೆಗೆ ಬಾರದ ದುಡಿಮೆಗೇ ಮನುಷ್ಯನು ಅಂಜುವನೆಂದೂ, ಎಣಿಸುವವರಿದ್ದರೆ ಪರರ ಶೌಚಾಲಯವನ್ನಾದರೂ ಕಾಸು ಕೊಟ್ಟು ತೊಳೆಯುವನೆಂದೂ ಸಿದ್ಧಾಂತ.

ಇನ್ನು ಫಲಶ್ರುತಿ. ಈ ಪ್ರಬಂಧವನ್ನು ಶುಚಿರ್ಭೂತನಾಗಿ ಪಠಿಸಿದ ಗೃಹಸ್ಥನು ಸಮಸ್ತ ಯಂತ್ರಗಳಿಗೂ ಒಡೆಯನಾಗಿ, ತಿಜೋರಿಯನ್ನು ತುಂಬಿ, ರಿವಿಯೆರಾದ ಟೆಲಿಫೋನಿಗೆ ಧೈರ್ಯದಿಂದ ಉತ್ತರ ಕೊಡುವನು. ಪಠನಕಾಲದಲ್ಲಿ ಸಹಧರ್ಮಿಣಿಯು ಬಂದು ‘ರೀ, ಬಟ್ಟೆ ಒಣಗಹಾಕ್ತೀರೋ ಇಲ್ವೋ?’ ಎಂದು ಕೇಳಿದಲ್ಲಿ ಹೇಳಬೇಕಾದುದನ್ನು ಮಾತ್ರ, ಈ ಶಾಸ್ತ್ರದ ವ್ಯಾಪ್ತಿಗೆ ಬಾರದುದರಿಂದ, ಜಿಜ್ಞಾಸುಗಳು ಗೃಹ್ಯಸೂತ್ರಗಳಲ್ಲಿ ನೋಡಿಕೊಳ್ಳತಕ್ಕುದು.