ದುರ್ಯೋಧನನ ಸೆಮಿಸ್ಟರ್ ಫೀಸು

ಯಲಹಂಕ ಉಪನಗರದಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ನಮ್ಮ ಗುಂಪಿನಲ್ಲಿ ಮಕ್ಕಳ ಓದಿನ ಮಾತು ಬಂದರೆ ಎಲ್ಲರ ನಡಿಗೆಯೂ ಚುರುಕಾಗುತ್ತದೆ. ಎಐ, ಡೇಟಾ ಸೈನ್ಸ್, ಜರ್ಮನಿ, ಕೆನಡಾ ಎಂದು ಒಬ್ಬೊಬ್ಬರೂ ವರದಿ ಒಪ್ಪಿಸಿ ಮುಗಿಸುವಷ್ಟರಲ್ಲಿ ಪಾರ್ಕಿಗೆ ಒಂದು ಸುತ್ತು ಬಂದಿರುತ್ತದೆ. ಒಬ್ಬರು ಮಾತ್ರ ಆ ಹೊತ್ತಿಗೆ ಶೂ ಲೇಸು ಕಟ್ಟಲು ಬಗ್ಗುತ್ತಾರೆ. ಅವರ ಮಗಳು ನಾಟಕ ಓದುತ್ತಿದ್ದಾಳೆ, ಅದರಲ್ಲೂ ಹಾಡಿನ ನಾಟಕದಲ್ಲೇ ಮುಂದುವರಿಯುತ್ತಾಳಂತೆ. ಬಲವಂತ ಮಾಡಿದರೆ ‘ಪರ್ಫಾರ್ಮಿಂಗ್ ಆರ್ಟ್ಸ್’ ಎನ್ನುತ್ತಾರೆ. ನಾಟಕ ಎಂದರೆ ಕೇಳಿದವರು ನಡುದಾರಿಯಲ್ಲೇ ನಿಂತು, “ಅದಕ್ಕೂ ಕಾಲೇಜು ಬೇಕಾ?” ಎಂದು ಶುರುಮಾಡುತ್ತಾರೆ, ಎಲ್ಲರ ವಾಕಿಂಗೂ ಕೆಡುತ್ತದೆ.

ಕಾಲೇಜಿಗೇನೂ ಬರವಿಲ್ಲ. ನಮ್ಮ ಮಗ್ಗುಲಿನ ಕಟ್ಟಿಗೇನಹಳ್ಳಿಯ ರೇವಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಕಟ್ಟಡಗಳ ನಡುವೆಯೇ ಪ್ರದರ್ಶಕ ಕಲೆಗಳ ಶಾಲೆಯೂ ಇದೆ. ಊರಿನ ಆ ತುದಿಗೆ ಹೋದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ವಿಶ್ವವಿದ್ಯಾಲಯವೇ ಉಂಟು. ಪದವಿಯ ಹಂಗು ಬೇಡ ಎನ್ನುವವರಿಗೆ 1980ರಿಂದ ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ. ಆದರೂ ನಮ್ಮ ಪಾರ್ಕಿನ ಜನಕ್ಕೆ ಹಾಡು, ಕುಣಿತ, ಮಾತು ಮೂರನ್ನೂ ಒಟ್ಟಿಗೆ ಓದುವುದೆಂದರೆ ಲಂಡನ್ನಿನಿಂದಲೋ ನ್ಯೂಯಾರ್ಕಿನಿಂದಲೋ ಇಳಿದ ಹೊಸ ಶೋಕಿ.

ಯಲಹಂಕದವರು ಹೀಗೆ ಅಂದುಕೊಳ್ಳಬಾರದು. ಈ ಸೀಮೆಯ ನಾಡಪ್ರಭು, ಬೆಂಗಳೂರು ಕಟ್ಟಿದ ಹಿರಿಯ ಕೆಂಪೇಗೌಡನ ಹೆಸರಿನಲ್ಲಿ ಕೆರೆ, ಕೋಟೆ, ಗಡಿಗೋಪುರಗಳ ಜೊತೆಗೆ ಇನ್ನೊಂದು ಸ್ವತ್ತೂ ಇದೆ. ‘ಗಂಗಾಗೌರೀವಿಲಾಸ’ ಎಂಬ ಯಕ್ಷಗಾನ ನಾಟಕ ಆತ ಬರೆದದ್ದೆಂದು ಹೇಳುತ್ತಾರೆ, ಅದೂ ತೆಲುಗಿನಲ್ಲಿ. ಶಿವನ ತಲೆಯ ಮೇಲಿರುವವಳಿಗೂ ಪಕ್ಕದಲ್ಲಿರುವವಳಿಗೂ ಜಗಳ ಎಂದರೆ ಹಾಡಿಗೆ ಎಷ್ಟು ಜಾಗ ಸಿಗಬಹುದು, ನೀವೇ ಲೆಕ್ಕ ಹಾಕಿ. ಆತ ಓದಿದ್ದು ಹೆಸರಘಟ್ಟದ ಹತ್ತಿರದ ಐವರಕಂಡಪುರದ ಗುರುಕುಲದಲ್ಲಂತೆ. ಇಂದು ಅದೇ ಹೆಸರಘಟ್ಟದಲ್ಲಿ ಪ್ರೊತಿಮಾ ಬೇಡಿ 1990ರಲ್ಲಿ ಕಟ್ಟಿದ ನೃತ್ಯಗ್ರಾಮವಿದೆ. ಮಗಳು ನಾಟಕ ಓದುವುದಕ್ಕೆ ಮುಜುಗರಪಡುವ ಆ ತಂದೆಗೆ ನಾನು ಇದನ್ನೆಲ್ಲ ಹೇಳಿದೆ. “ಕೆಂಪೇಗೌಡರಿಗೆ ನಾಟಕ ಬಿಟ್ಟು ಬೇರೆ ಕೆಲಸ ಇತ್ತಲ್ಲ ಸಾರ್” ಎಂದರು. ಕ್ಯಾಂಪಸ್ ಇಂಟರ್‌ವ್ಯೂ ಇಲ್ಲದೆ ಸಿಕ್ಕ ಕೆಲಸ ಅದು, ನಿಜ.

ಹಾಡಿಲ್ಲದ ನಾಟಕ ಎನ್ನುವುದೇ ಕನ್ನಡದಲ್ಲಿ ಈಚಿನ ಸಂಗತಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕಾಲದಲ್ಲಿ ನಟನೆಂದರೆ ಹಾಡುವವನು. ಅಭಿನಯ ಬಂದರೆ ಅದು ಮೇಲೋಗರ. ಮೈಕಿಲ್ಲದ ಆ ದಿನಗಳಲ್ಲಿ ಕಟ್ಟಕಡೆಯ ನಾಲ್ಕಾಣೆ ಸೀಟಿಗೂ ಮುಟ್ಟುವಂತೆ ಶ್ರುತಿ ಏರಿಸಿ ಹಾಡಬೇಕಿತ್ತು. ಜನ ‘ಒನ್ಸ್‌ಮೋರ್’ ಎಂದರೆ ಆಗಷ್ಟೇ ಪ್ರಾಣಬಿಟ್ಟ ಪಾತ್ರವೂ ಎದ್ದು ಕೂತು, ಸಾಯುವ ಮುಂಚಿನ ಹಾಡನ್ನು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು. 1934ರ ‘ಕುರುಕ್ಷೇತ್ರ’ಕ್ಕೆ ಕಂಪನಿಯ ಯಜಮಾನ ಗುಬ್ಬಿ ವೀರಣ್ಣನವರು ರಂಗದ ಮೇಲೆ ಆನೆ ಕುದುರೆಗಳನ್ನೇ ತಂದರು. ಅವಕ್ಕೆ ಮಾತ್ರ ಹಾಡು ಕೊಟ್ಟಿರಲಿಲ್ಲ.

ಆ ಕಂಪನಿಗೆ ಮನೆ ಬಿಟ್ಟು ಓಡಿಬಂದ ಹುಡುಗರಲ್ಲಿ ಬಂಟ್ವಾಳ ಕಡೆಯ ಮಂಚಿಯವನೊಬ್ಬನಿದ್ದ. ಕಂಪನಿಯೇ ಸಾಕು, ಓದು ಯಾಕೆ ಎಂದು ವೀರಣ್ಣನವರು ಹೇಳಬಹುದಿತ್ತು. ಅವರು ಅವನನ್ನು ಕಾಶಿಗೆ ಓದಲು ಕಳಿಸಿದರು. ಹಾಗೆ ಹೋದ ಆ ಹುಡುಗ, ಬಿ.ವಿ. ಕಾರಂತರು, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ, ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತು, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ 1962ರಲ್ಲಿ ಹೊರಬಂದು, ಮುಂದೆ ಅದೇ ಶಾಲೆಗೆ ನಿರ್ದೇಶಕರಾದರು. ಕಾರಂತರು ಕಲ್ಲು, ಬಿದಿರು, ತಗಡು ಏನು ಸಿಕ್ಕಿದರೂ ಬಾರಿಸಿ ನಾಟಕಕ್ಕೆ ಸಂಗೀತ ಮಾಡಿದ್ದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಂಪನಿ ಯಜಮಾನನೊಬ್ಬ ತನ್ನ ಹುಡುಗನನ್ನು ಯೂನಿವರ್ಸಿಟಿಗೆ ಕಳಿಸಿದ್ದು. ಕೈಯಲ್ಲಿರುವ ನಟನನ್ನು ಬಿಟ್ಟುಕೊಡಲು ಯಾವ ಯಜಮಾನನಿಗೆ ಮನಸ್ಸು ಬರುತ್ತದೆ?

ಈಗ ಇನ್ನೊಂದು ವಿಶ್ವವಿದ್ಯಾಲಯದ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಕುಲಪತಿಯಿಲ್ಲ, ನ್ಯಾಕ್ ಗ್ರೇಡೂ ಇಲ್ಲ. ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದ ಕಡೆಗೋ ದೇವನಹಳ್ಳಿಯ ಕಡೆಗೋ ಹೋದರೆ, ಸಂಜೆ ಏಳರ ಮೇಲೆ ಯಾವುದಾದರೂ ದೇವಸ್ಥಾನದ ಜಗಲಿಯಲ್ಲಿ ಅದು ನಡೆಯುತ್ತಿರುತ್ತದೆ. ಕಾಲುಹಾರ್ಮೋನಿಯಮ್ಮಿನ ಹಿಂದೆ ಮೇಷ್ಟ್ರು, ಎದುರಿಗೆ ಹತ್ತಿಪ್ಪತ್ತು ಜನ ಗಂಡಸರು. ರೇಷ್ಮೆ, ಹಾಲಿನ ಡೇರಿ, ಟೆಂಪೋ, ಸೈಟು ಬ್ರೋಕರಿಕೆ ಹೀಗೆ ಹಗಲು ತರಹೇವಾರಿ ಕಸುಬು. ರಾತ್ರಿ ಎಲ್ಲರೂ ‘ಕುರುಕ್ಷೇತ್ರ’. ಇಲ್ಲಿ ಪ್ರವೇಶ ಪರೀಕ್ಷೆ ಇಲ್ಲ, ದುಡ್ಡು ಕಟ್ಟಿ ಪಾತ್ರ ಹಿಡಿಯಬೇಕು. ಶುಲ್ಕ ಪಾತ್ರಕ್ಕೆ ತಕ್ಕಂತೆ. ದುರ್ಯೋಧನ, ಕೃಷ್ಣ ದುಬಾರಿ. ಭೀಮ ಪರವಾಗಿಲ್ಲ. ವಿದುರ ಅಗ್ಗ, ಧರ್ಮಕ್ಕೆ ಅಲ್ಲೂ ಬೆಲೆ ಕಮ್ಮಿ. ಇಬ್ಬರು ದೊಡ್ಡ ಕುಳಗಳು ಕೃಷ್ಣನೇ ಬೇಕೆಂದು ಹಟ ಹಿಡಿದರೆ ಮೇಷ್ಟ್ರು ಕೃಷ್ಣನನ್ನೇ ಎರಡು ಮಾಡುತ್ತಾರೆ: ಒಂದನೇ ಕೃಷ್ಣ, ಎರಡನೇ ಕೃಷ್ಣ. ನಡುರಾತ್ರಿ ದಾಟಿದ ಮೇಲೆ ಭಗವಂತ ಒಂದಷ್ಟು ಕಪ್ಪಗಾಗಿ, ಹೊಟ್ಟೆ ಬಂದು, ಮೀಸೆ ಸಮೇತ ಕಾಣಿಸಿಕೊಂಡರೆ ಯಾರೂ ಆಶ್ಚರ್ಯಪಡುವುದಿಲ್ಲ. ದ್ರೌಪದಿ, ಕುಂತಿ, ಉತ್ತರೆಯರು ಮಾತ್ರ ಹೊರಗಿನಿಂದ ಸಂಭಾವನೆಗೆ ಬರುವ ವೃತ್ತಿ ಕಲಾವಿದೆಯರು. ಗಂಡಸರು ಕೈಯಿಂದ ದುಡ್ಡು ಹಾಕಿ, ಹೆಂಗಸರು ದುಡಿದು ಸಂಪಾದಿಸುವ ಇಂಥ ಇನ್ನೊಂದು ಉದ್ಯೋಗ ನಾನು ನೋಡಿಲ್ಲ.

ಕಲಿಸುವ ಬಗೆಯನ್ನು ಹತ್ತಿರ ಕೂತು ನೋಡಬೇಕು. ದುರ್ಯೋಧನನಾಗುವ ಬ್ರೋಕರ್ ಕಂದಪದ್ಯ ಎತ್ತುತ್ತಾನೆ. ಮೇಷ್ಟ್ರು ಕಪ್ಪು ಒಂದನ್ನು ಒತ್ತಿ ಹಿಡಿದಿದ್ದಾರೆ. ಇವನು ಅದರ ಸುತ್ತಮುತ್ತ ಎಲ್ಲೋ ಸೈಟು ಹುಡುಕುತ್ತಿದ್ದಾನೆ. ಮೇಷ್ಟ್ರು ಬೈಯುವುದಿಲ್ಲ. ಪೆಟ್ಟಿಗೆಯನ್ನೇ ಅರ್ಧ ಮನೆ ಇಳಿಸಿ ಅವನ ಬಳಿಗೆ ಹೋಗುತ್ತಾರೆ. ಇವನು ಇನ್ನೂ ಇಳಿಯುತ್ತಾನೆ. ಕಡೆಗೆ, “ಅಲ್ಲಿ ಉಸಿರು ತಗೋಬೇಡ ಕಣಯ್ಯ. ತಗೊಂಡ್ರೆ ನಿನ್ನದು ಮುಗೀತು ಅಂತ ಭೀಮ ಒಳಗೆ ಬಂದುಬಿಡ್ತಾನೆ” ಎನ್ನುತ್ತಾರೆ. ರಾಗ, ತಾಳ, ಉಸಿರು, ಎದುರು ಪಾತ್ರದ ಪ್ರವೇಶ ಎಲ್ಲವೂ ಒಂದೇ ಮಾತಿನಲ್ಲಿ ಬಂತು. ಅಷ್ಟರಲ್ಲಿ ಫೋನು. “ಖಾತೆ ಕ್ಲಿಯರ್ ಇದೆ ಸಾರ್, ಬಂದು ನೋಡಿ” ಎಂದು ಹೇಳಿ ಕೌರವೇಶ್ವರ ಮತ್ತೆ ಪದ್ಯಕ್ಕೆ ಬರುತ್ತಾನೆ. ಐದು ಗ್ರಾಮ ಕೊಡಲೊಪ್ಪದವನ ಬಾಯಲ್ಲಿ ಸೈಟಿನ ಮಾತು ನನಗೆ ಚೆನ್ನಾಗಿಯೇ ಒಪ್ಪಿತು.

ನಾಟಕದ ದಿನ ಬಾಡಿಗೆ ಸೀನರಿ ಬರುತ್ತದೆ, ಕೂಲಿಂಗ್ ಗ್ಲಾಸಿನ ಫೋಟೋಗಳಿರುವ ಫ್ಲೆಕ್ಸ್ ಏಳುತ್ತದೆ. ಪದ್ಯ ಮುಗಿಯುತ್ತಲೇ ನೆಂಟರು ರಂಗಕ್ಕೆ ನುಗ್ಗಿ ಹಾರ ಹಾಕುತ್ತಾರೆ, ಯುದ್ಧ ಅಷ್ಟು ಹೊತ್ತು ನಿಲ್ಲುತ್ತದೆ. ಬೆಳಗಾಗುವ ಹೊತ್ತಿಗೆ ತೊಡೆ ಮುರಿಯುತ್ತದೆ, ಘಟಿಕೋತ್ಸವ ಮುಗಿಯಿತು.

ನಮ್ಮ ಪಾರ್ಕಿನ ಹುಡುಗಿಯನ್ನು ಒಂದು ರಾತ್ರಿ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ತಂದೆಯೂ ಬಂದಿದ್ದರು, ಎರಡನೇ ಕೃಷ್ಣನ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದರು. ಅವಳು ಮಾತ್ರ ಮೇಷ್ಟ್ರ ಪಕ್ಕದಿಂದ ಏಳಲಿಲ್ಲ. ಆ ಮಟ್ಟು ಯಾವುದು, ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಅವರು, “ನಮ್ಮ ಗುರುಗಳು ಹೇಳಿಕೊಟ್ಟಿದ್ದಮ್ಮ. ಬರೆದಿಟ್ಟಿಲ್ಲ” ಎಂದರು. ಅವರ ಬಳಿಯಿದ್ದ ಹಳೇ ನೋಟ್‌ಬುಕ್ಕಿನಲ್ಲಿ ಸಾಹಿತ್ಯವಿತ್ತು, ಸ್ವರವಿರಲಿಲ್ಲ. ಸ್ವರ ಇದ್ದದ್ದು ಬೆರಳಿನಲ್ಲಿ.

ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯಕ್ಕೆ ಇಂಥದ್ದನ್ನು ಏನು ಮಾಡಬೇಕೆಂದು ಗೊತ್ತಿದೆ. ರೈತರ ಹೊಲದ ಹಳೇ ರಾಗಿ ತಳಿಗಳನ್ನು ತಂದು, ಹೆಸರು ಬರೆದು, ಕಾಪಿಡುತ್ತಾರೆ. ಜಿಪಿಯು 28ರಂಥ ಹೊಸ ತಳಿಯನ್ನು ತಿರುಗಿ ಹೊಲಕ್ಕೆ ಕೊಡುತ್ತಾರೆ. ರಾಗಿ ಬೆಳೆಯಲು ಡಿಗ್ರಿ ಬೇಕಾ ಎಂದು ಅದರ ಜಿಕೆವಿಕೆ ಆವರಣದ ಗೇಟಿನಲ್ಲಿ ನಿಂತು ಯಾರೂ ಕೇಳುವುದಿಲ್ಲ. ರಾಗಕ್ಕೆ ಆ ಮರ್ಯಾದೆ ಇನ್ನೂ ಬಂದಿಲ್ಲ. ಮೇಷ್ಟ್ರುಗಳಿಗೆ ವಯಸ್ಸಾಗುತ್ತಿದೆ, ಹೊಲವಂತೂ ಲೇಔಟಾಗುತ್ತಿದೆ.

ಡಿಗ್ರಿ ಇಲ್ಲದ ಮೇಷ್ಟ್ರನ್ನು ಕ್ಲಾಸಿಗೆ ಬಿಡಲು ನಿಯಮ ಒಪ್ಪುವುದಿಲ್ಲ ಎಂಬ ನೆಪವೂ ಈಗ ಉಳಿದಿಲ್ಲ. ಯುಜಿಸಿಯೇ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ದಾರಿ ಮಾಡಿದೆ. ಕನಿಷ್ಠ 15 ವರ್ಷ ತಮ್ಮ ಕಸುಬಿನಲ್ಲಿ ಪಳಗಿದ ಪರಿಣತರಾಗಿದ್ದರೆ ಸಾಕು, ಪದವಿ ಕಡ್ಡಾಯವಲ್ಲ. ಲಲಿತಕಲೆಗಳೂ ಆ ಪಟ್ಟಿಯಲ್ಲಿವೆ. ಆದ್ದರಿಂದ ಉತ್ತರ ಬೆಂಗಳೂರಿನ ಮಾನ್ಯ ಕುಲಪತಿಗಳಲ್ಲಿ ಒಂದು ಅರಿಕೆ. ಈ ಹುದ್ದೆಗಳನ್ನೆಲ್ಲ ಸಾಫ್ಟ್‌ವೇರ್ ಕಂಪನಿಗಳಿಂದ ನಿವೃತ್ತರಾದವರಿಗೇ ಕೊಟ್ಟು ಮುಗಿಸಬೇಡಿ. ಒಂದನ್ನು ಹಾರ್ಮೋನಿಯಂ ಮೇಷ್ಟ್ರಿಗೆ ಇಡಿ. ಅವರ ಕ್ಲಾಸು ಮಾತ್ರ ಸಂಜೆ ಏಳರ ಮೇಲೆ ಹಾಕಿ. ಬೆಳಿಗ್ಗೆ ಅವರು ಮಲಗಿರುತ್ತಾರೆ.