ಆಮ್ಲಜನಕ ಮಹಾಶಯರಿಗೊಂದು ಬಹಿರಂಗ ಪತ್ರ

ಮಾನ್ಯ ಆಮ್ಲಜನಕ ಮಹಾಶಯರೇ,

ಪೆರಾಬೆಯ ಅಡಿಕೆ ಬೆಳೆಗಾರನೊಬ್ಬನ ನಮಸ್ಕಾರಗಳು. ನಮ್ಮ ಕಡಬ ತಾಲೂಕಿನಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಮಳೆ ಬಿಡದಿದ್ದರೆ ಕೊಳೆರೋಗವೂ ಬಿಡುವುದಿಲ್ಲ. ನಡುವೆ ಒಂದು ದಿನ ಬಿಸಿಲು ಕಂಡರೆ ಮದ್ದು ಬಿಡುವವರು ಸಿಗುವುದಿಲ್ಲ. ಇಷ್ಟೆಲ್ಲಕ್ಕೂ ಮೂಲ ತಾವೇ ಎಂದು ತಿಳಿದುಬಂದಿರುವುದರಿಂದ ಈ ದೂರು.

ನೀರಿನ ಅಣುವಿನಲ್ಲಿ ತಾವು ಎರಡು ಜಲಜನಕಗಳೊಡನೆ ಇಲೆಕ್ಟ್ರಾನುಗಳನ್ನು ಹಂಚಿಕೊಂಡಿದ್ದೀರಿ ಎಂದು ದಾಖಲೆ ಹೇಳುತ್ತದೆ, ಆದರೆ ಅವು ವಾಲಿರುವುದು ತಮ್ಮ ಬದಿಗೇ. ಪಹಣಿಯಲ್ಲಿ ಜಂಟಿ ಹೆಸರು, ಅಡಿಕೆ ಒಣಗುವುದು ಮಾತ್ರ ಅಣ್ಣನ ಅಂಗಳದಲ್ಲಿ: ಈ ಕ್ರಮ ನಮಗೂ ಹೊಸದಲ್ಲ. ಹೀಗೆ ಇಲೆಕ್ಟ್ರಾನುಗಳನ್ನು ತನ್ನತ್ತ ಎಳೆಯುವ ಗುಣಕ್ಕೆ ವಿದ್ಯುದೃಣತ್ವ ಎಂಬ ಗೌರವದ ಹೆಸರಿದೆ. 1932ರಲ್ಲಿ ಲೈನಸ್ ಪೌಲಿಂಗ್ ಅದಕ್ಕೊಂದು ಅಂಕಪಟ್ಟಿಯನ್ನೂ ಮಾಡಿಕೊಟ್ಟರು. ಇವತ್ತಿನ ಪಟ್ಟಿಯಲ್ಲಿ ತಮಗೆ 3.44, ಪಾಪದ ಜಲಜನಕಕ್ಕೆ 2.20. ತಮಗಿಂತ ಮುಂದಿರುವುದು 3.98 ಪಡೆದ ಫ್ಲೋರಿನ್ ಒಂದೇ.

ನ್ಯಾಯವಾಗಿ ಹೇಳಬೇಕೆಂದರೆ ತಮ್ಮದು ಪೂರ್ತಿ ಜಪ್ತಿಯಲ್ಲ. ಉಪ್ಪಿನಲ್ಲಿ ಸೋಡಿಯಂ 0.93, ಕ್ಲೋರಿನ್ 3.16, ಅಷ್ಟು ಅಂತರವಿದ್ದಾಗ ಇಲೆಕ್ಟ್ರಾನು ಹೆಚ್ಚುಕಡಿಮೆ ಕೈಬಿಟ್ಟೇ ಹೋಗುತ್ತದೆ. ನೀರಿನಲ್ಲಿ ಅಂತರ 1.24 ಮಾತ್ರ. ಆದ್ದರಿಂದ ತಮ್ಮ ಬದಿಗೆ ತುಸು ಋಣ, ಜಲಜನಕದ ಬದಿಗೆ ತುಸು ಧನ: ಧ್ರುವೀಯ ಬಂಧ. ಇಂಗಾಲದ ಡೈಆಕ್ಸೈಡಿನಲ್ಲಿ ತಾವು ಎರಡೂ ತುದಿಯಲ್ಲಿ ನೇರಕ್ಕೆ ನಿಂತು ಸಮಸಮ ಎಳೆಯುವುದರಿಂದ ಲೆಕ್ಕ ಸೊನ್ನೆಗೆ ಬರುತ್ತದೆ. ನೀರಿನ ಅಣು 104.5 ಡಿಗ್ರಿಗೆ ಬಾಗಿದೆ. ಹಾಗಾಗಿ ಪಕ್ಷಪಾತ ಉಳಿಯುತ್ತದೆ.

ಇನ್ನು ತೋಟದ ವಿಷಯ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೇಳಿಕೊಟ್ಟರು. ಇವತ್ತಿನ ಅಳತೆ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತು ನೀರಿಗೆ ಬಿದ್ದೊಡನೆ ತಾಮ್ರದ ಸುತ್ತ ತಮ್ಮ ಋಣದ ಬದಿ ಮುತ್ತುತ್ತದೆ, ಸಲ್ಫೇಟಿನ ಸುತ್ತ ಜಲಜನಕದ ಬದಿ. ಹರಳು ಬಿಚ್ಚಿ ಕರಗುತ್ತದೆ. ಮೈಲುತುತ್ತಿನ ನೀಲಿ ಬಣ್ಣವೂ ತಮ್ಮದೇ ಕೃಪೆ. ಹರಳನ್ನು ಚೆನ್ನಾಗಿ ಕಾಯಿಸಿದರೆ ನೀರು ಹೋಗಿ ಬಿಳಿ ಪುಡಿ ಉಳಿಯುತ್ತದೆ.

ಇಷ್ಟು ಉಪಕಾರ ಮಾಡಿದವರು ಗೊನೆಯ ಹತ್ತಿರ ಕೈಕೊಡುವುದೇಕೆ? ಎಳೆಕಾಯಿಯ ಮೈಮೇಲೆ ಮೇಣದ ತೆಳು ಪದರವಿದೆ. ಅದರೊಳಗೆ ಬಹುಪಾಲು ಇಂಗಾಲ, ಜಲಜನಕ, ಅಂಕ 2.55 ಮತ್ತು 2.20, ಅಂತರ ಬರೀ 0.35. ಜಗಳವಿಲ್ಲದ ಆ ಮನೆಯಲ್ಲಿ ತಮಗೆ ಹಿಡಿಯಲು ಏನೂ ಸಿಗದೆ ನೀರು ಮಣಿಯಾಗಿ ಉರುಳುತ್ತದೆ. ಅದಕ್ಕೇ ಹಿರಿಯರು ಮದ್ದಿಗೆ ರಾಳ ಸೇರಿಸಿದರು. ಅದರ ಒಂದು ತುದಿಯಲ್ಲಿ ತಾವಿದ್ದು ನೀರಿಗೆ ಒಲಿಯುತ್ತೀರಿ, ಉಳಿದ ಮೈ ಮೇಣಕ್ಕೆ ಒಲಿಯುತ್ತದೆ. ಎರಡು ಪಕ್ಷಕ್ಕೂ ಸಲ್ಲುವವರು ರಾಜಕೀಯದಲ್ಲಿ ಮಾತ್ರ ಇರುವುದೆಂದು ತಿಳಿದಿದ್ದೆ.

ತಮ್ಮ ಜಾಗದಲ್ಲಿ ಗಂಧಕವನ್ನು ಕೂರಿಸೋಣವೆಂದೂ ಯೋಚಿಸಿದೆ. ಅದರ ಅಂಕ 2.58, ಬಹಳ ಸಾಧು. ಆದರೆ ಅದು ಜಲಜನಕದೊಡನೆ ಕೂಡಿ ಕೊಡುವ ಹೈಡ್ರೋಜನ್ ಸಲ್ಫೈಡ್, ನೀರಿಗಿಂತ ಭಾರದ ಅಣುವಾದರೂ, ಮೈನಸ್ 60 ಡಿಗ್ರಿಯಲ್ಲೇ ಕುದಿಯುತ್ತದೆ. ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಎಳೆತ ಕಡಿಮೆಯಾದ್ದರಿಂದ ಅದರ ಅಣುಗಳು ನೀರಿನವುಗಳಂತೆ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ತಾವೂ ಅಷ್ಟೇ ಸಾಧುವಾಗಿದ್ದರೆ ಪೆರಾಬೆಗೆ ಮಳೆಯೂ ಇಲ್ಲ, ಅಡಿಕೆಯೂ ಇಲ್ಲ, ದೂರು ಬರೆಯುವವನೂ ಇಲ್ಲ.

ಆದ್ದರಿಂದ ದೂರನ್ನು ವಾಪಸು ಪಡೆದಿದ್ದೇನೆ. ಊರಿನ ಅಣ್ಣಂದಿರು ಮಾತ್ರ ಇದನ್ನು ತಮ್ಮ ಪಾಲು ಪಂಚಾತಿಕೆಗೆ ಸಾಕ್ಷಿಯಾಗಿ ಹಾಜರುಪಡಿಸಬಾರದಾಗಿ ವಿನಂತಿ.

ಇಂತಿ,
ಪೆರಾಬೆಯ ಒಬ್ಬ ತಮ್ಮ