ಆ ಫೈಲು ಎಲ್ಲಿದೆ ಸ್ವಾಮಿ?

ಎಡಿಟಿಂಗ್ ಎಂದರೆ ಕತ್ತರಿಸಿ ಜೋಡಿಸುವ ಕಲೆ ಎಂದು ಹೊರಗಿನವರು ನಂಬಿದ್ದಾರೆ. ನಿಜದಲ್ಲಿ ಅದು ಅರ್ಧಕ್ಕರ್ಧ ಫೋಲ್ಡರ್ ಹುಡುಕುವ ಕಾಯಕ. ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಪ್ರಾಜೆಕ್ಟಿನೊಳಗೆ ನಿಮ್ಮ ವಿಡಿಯೊ ಇರುವುದೇ ಇಲ್ಲ, ಅದರ ವಿಳಾಸವಷ್ಟೇ ಇರುತ್ತದೆ. ಯಾರೋ ಪುಣ್ಯಾತ್ಮ ಡಿಸ್ಕ್ ಅಚ್ಚುಕಟ್ಟು ಮಾಡುತ್ತೇನೆಂದು ಫೋಲ್ಡರ್ ಸರಿಸಿದನೋ, ನಾಯಕಿ ಕಣ್ಣೀರಿಡಬೇಕಾದ ಜಾಗದಲ್ಲಿ ಕೆಂಪು ಪರದೆ! ಮೀಡಿಯಾ ಆಫ್‌ಲೈನ್ ಎಂಬ ಶೋಕವಾರ್ತೆ ಅದರ ಮೇಲೆ ಹಲವು ಭಾಷೆಗಳಲ್ಲಿ. ಎಡಿಟರ್ ಬೈಯುವುದು ಮಾತ್ರ ಅಚ್ಚ ಕನ್ನಡದಲ್ಲೇ.

ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಆವಿಡ್, ಮಡಿವಂತ ಅಜ್ಜಿಯ ಹಾಗೆ. ಅದರ ಮೀಡಿಯಾ ಫೋಲ್ಡರನ್ನು ಯಾರೂ ಮುಟ್ಟುವಂತಿಲ್ಲ. ವಾಲ್ಟರ್ ಮರ್ಚ್ ‘ದಿ ಇಂಗ್ಲಿಷ್ ಪೇಷಂಟ್’ (1996) ಚಿತ್ರಕ್ಕೆ ಸಂಕಲನದ ಆಸ್ಕರ್ ಗೆದ್ದದ್ದು ಈ ಅಜ್ಜಿಯ ಕೃಪೆಯಿಂದಲೇ. ಡಿಜಿಟಲ್ ಸಂಕಲನಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಇನ್ನು ಫೈಲಿನ ಗಾತ್ರದ ಕಥೆ. 4ಕೆ ವಿಡಿಯೊವನ್ನು ಪ್ರೋರೆಸ್ 422 ಎಚ್‌ಕ್ಯೂ ಎಂಬ ಫಾರ್ಮ್ಯಾಟಿನಲ್ಲಿಟ್ಟರೆ ಗಂಟೆಗೆ 300 ಜಿಬಿ ದಾಟುತ್ತದೆ. ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆಂದು ಸಣ್ಣ ಗಾತ್ರದ ಪ್ರಾಕ್ಸಿ ಮಾಡಿಕೊಂಡು ಕತ್ತರಿಸುತ್ತೇವೆ. ಅದನ್ನು ನೋಡಿದ ನಿರ್ಮಾಪಕರು ಗಾಬರಿ: “ಏನ್ರೀ ಇದು, ಅಷ್ಟು ದುಡ್ಡು ಸುರಿದ ಕ್ಯಾಮೆರಾದಲ್ಲಿ ಹೀರೊ ಮುಖ ಮಸುಕು ಮಸುಕು?” ಒರಿಜಿನಲ್ ಬೇರೆ ಇದೆ ಸಾರ್ ಎಂದು ಸಮಾಧಾನ ಮಾಡಬೇಕು. ಆ ಬಿಸಿಯಲ್ಲೇ ಬ್ಯಾಕಪ್‌ಗೆಂದು ಇನ್ನೆರಡು ಹಾರ್ಡ್ ಡಿಸ್ಕ್ ಕೇಳಿದರೆ ಕೆಟ್ಟಿತು.

“ಇರೋದೊಂದು ಸಿನಿಮಾ, ಮೂರು ಡಿಸ್ಕ್ ಯಾಕ್ರೀ? ಪೆನ್ ಡ್ರೈವ್‌ಗೆ ಹಾಕಿಕೊಡಿ, ನನ್ನ ಜೇಬಲ್ಲೇ ಇಟ್ಕೋತೀನಿ!”